ಏಳು ವರ್ಷ ಅವಳು

ಏಳು ವರ್ಷ ಅವಳು ಎಂದೇ ಕರೆದೆ.
ತೊಗಟೆಯ ಮರೆಯಲ್ಲಿ ಕಪ್ಪು ಮಖಮಲ್ಲು
ಮಡಚಿಟ್ಟಂತೆ ಕೂತವಳು. ಹೆಸರು ಕ್ಲೆಮೆಂತೀನಾ.
ಮಾರಿದವನು ಹೆಣ್ಣೇ ಅಂದಿದ್ದ,
ಆಗ ಅವಳು ಮೆಣಸಿನಕಾಳಿನಷ್ಟು.
ಮೆಣಸಿನಕಾಳಿನ ಜಾತಕ ಯಾರು ಬರೆಯುತ್ತಾರೆ?

ವೂಚ್ ಊರಿನ ಟ್ರಾಮ್ ಡಿಪೋದಲ್ಲಿ ರಾತ್ರಿಪಾಳಿ ನನ್ನದು.
ಗಾಲಿಗಳ ಹಿಮ ಕೆರೆದು, ಬ್ರೇಕಿನ ಪೆಟ್ಟಿಗೆಗೆ ಮರಳು ತುಂಬಿ,
ನಸುಕಿನಲ್ಲಿ ನಾಲ್ಕು ಮಹಡಿ ಹತ್ತಿ,
ಕೋಟು ಬಿಚ್ಚುವ ಮೊದಲು ನೋಡುವುದು
ನೀರಿನ ಬಟ್ಟಲು. ಬಟ್ಟಲೆಂದರೆ ಉಪ್ಪಿನಕಾಯಿ ಶೀಶೆಯ ಮುಚ್ಚಳ.
ಸಾಕುವುದೆಂದರೆ ಇಷ್ಟೇ:
ನೀರು, ಒಣಗಿದ ತೆಂಗಿನ ನಾರಿನ ಪುಡಿ,
ಹತ್ತು ದಿನಕ್ಕೊಂದು ಜಿರಳೆ,
ಮಿಕ್ಕ ಹೊತ್ತೆಲ್ಲ ಕೈ ಕಟ್ಟಿಕೊಂಡಿರುವುದು.
ಒಮ್ಮೆ ಮುಟ್ಟಿದೆ.
ಹಿಂಗಾಲಿನಿಂದ ಮೈ ಕೆರೆದು ರೋಮ ತೂರಿದಳು,
ಮೂರು ದಿನ ಮಣಿಕಟ್ಟು ತುರಿಸಿತು.
ಆಮೇಲೆ ನಮ್ಮಿಬ್ಬರಲ್ಲಿ ಮನಸ್ತಾಪ ಬಂದಿಲ್ಲ.

ಎದುರುಮನೆಯ ಗ್ರಜೀನಾ ಕೇಳುತ್ತಾಳೆ:
ಅದಕ್ಕೆ ನಿನ್ನ ಗುರುತು ಸಿಗುತ್ತಾ?
ಇಲ್ಲ.
ಮತ್ಯಾಕೆ?
ಗುರುತು ಸಿಗುವವರ ಜೊತೆಯೂ
ಹನ್ನೊಂದು ವರ್ಷ ಇದ್ದು ನೋಡಿದ್ದೇನೆ.

ಈ ನವೆಂಬರಿನಲ್ಲಿ ಊಟ ಬಿಟ್ಟಳು.
ಒಂದು ಸಂಜೆ ಅಂಗಾತ ಬಿದ್ದಿದ್ದಳು, ಎಂಟೂ ಕಾಲು ಮೇಲೆ;
ಕಂಡವರು ಕಸದ ಬುಟ್ಟಿ ಹುಡುಕಬೇಕು, ಹಾಗೆ.
ನಾನು ಜಿರಳೆ ತೆಗೆದೆ. ದೀಪ ಆರಿಸಿದೆ.
ಡಿಪೋಗೆ ಫೋನು ಮಾಡಿ
ಮನೆಯಲ್ಲಿ ಹುಷಾರಿಲ್ಲ ಅಂದೆ.
ಕೈಗವಸಿನಿಂದ ಬೆರಳು ಎಳೆದುಕೊಂಡಂತೆ
ಒಂದೊಂದೇ ಹೊಸ ಕಾಲು ಹಳೆಯ ಕಾಲಿನಿಂದ ಆಚೆ.
ಬೆಳಗಿಗೆ ಎದ್ದು ನಿಂತಾಗ
ಉದ್ದುದ್ದ ಕಾಲು, ಬತ್ತಿದ ಹೊಟ್ಟೆ,
ಮುಂಗಾಲುಗಳಲ್ಲಿ ಒಂದೊಂದು ಕೊಕ್ಕೆ.
ಗಂಡು.

ಗಂಡಿಗೆ ಇದೇ ಕಡೇ ಪೊರೆ.
ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ.
ಹೆಣ್ಣಾಗಿದ್ದರೆ ಇಪ್ಪತ್ತೈದೂ ಬದುಕಬಹುದಿತ್ತು.
ನಾನು ಹೋದಮೇಲೆ ಇವಳನ್ನು ಯಾರು ನೋಡಿಕೊಳ್ಳಬೇಕೆಂದು
ಒಂದು ಚೀಟಿಯನ್ನೂ ಬರೆದು ಸಕ್ಕರೆ ಡಬ್ಬಿಯಲ್ಲಿಟ್ಟಿದ್ದೆ.
ಹರಿಯಲಿಲ್ಲ. ಇನ್ನೂ ಅಲ್ಲೇ ಇದೆ.

ತೊರೂನಿನಲ್ಲಿ ಲುಬೊಮಿರ್ ಎಂಬವನ ಬಳಿ
ಹನ್ನೆರಡು ವರ್ಷದ ಹೆಣ್ಣಿದೆ ಎಂದು ತಿಳಿಯಿತು.
ಮೊಸರಿನ ಡಬ್ಬಿಗೆ ತೂತು ಕೊರೆದು,
ಕೋಟಿನೊಳಗೆ ಹೊಟ್ಟೆಗವಚಿ, ಮೊದಲ ರೈಲು.
ಟಿಕೆಟ್ಟಿನವನು ಕೇಳಿದ: ಒಬ್ಬರೇನಾ?
ಹ್ಞೂಂ ಅಂದೆ.

ಅವನು ಹಲ್ಲು ಕಟ್ಟುವ ಕೆಲಸದವನು, ಸ್ಥಿರವಾದ ಕೈ.
ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ರಟ್ಟು,
ನಡುವೆ ಸರಿಸಬೇಕಾಗಿ ಬಂದರೆ ಇರಲಿ ಎಂದು.
ಇವನು ಅವಳ ಹೊಸ್ತಿಲಲ್ಲಿ ನಿಂತು
ಮೀಸೆಯಂಥ ಪುಟ್ಟ ಕೈಗಳಿಂದ ನೆಲ ಬಡಿದ.
ಟಪಟಪ. ನಿಲ್ಲಿಸಿದ. ಟಪಟಪ.
ಒಳಗಿನಿಂದ ಉತ್ತರ ಬಂತು.
ಏಳು ವರ್ಷದಲ್ಲಿ ಅವನಾಡಿದ ಮೊದಲ ಮಾತು,
ಅದಕ್ಕೆ ತಕ್ಷಣ ಜವಾಬು!
ಅವಳು ವಿಷದಹಲ್ಲು ಬಿಚ್ಚಿ ಎದ್ದಳು,
ಅವನ ಕೊಕ್ಕೆ ಅದನ್ನು ಹಿಡಿದು ನಿಲ್ಲಿಸಿತು.
ನಾನು ಕಿಟಕಿಗೆ ತಿರುಗಿಬಿಟ್ಟೆ.
ವಿಸ್ತುಲಾ ನದಿಯ ಮೇಲೆ ಮುರಿದ ಮಂಜಿನ ತಟ್ಟೆಗಳು
ಒಂದನ್ನೊಂದು ಮುಟ್ಟುತ್ತ, ಬಿಡುತ್ತ ಹೋಗುತ್ತಿದ್ದವು.
ಬಂದ ನೋಡಿ, ಎಂದ ಲುಬೊಮಿರ್,
ಎಂಟೂ ಇವೆ, ಎಣಿಸಿಕೊಳ್ಳಿ.

ಈಗ ಮನೆಯಲ್ಲಿ ಅವನು ತಿನ್ನುವುದಿಲ್ಲ.
ರಾತ್ರಿಯೆಲ್ಲ ಗಾಜಿನುದ್ದಕ್ಕೂ ನಡೆಯುತ್ತಾನೆ,
ಮೂಲೆ ಸಿಕ್ಕಿದಲ್ಲಿ ನಿಂತು ಬಡಿಯುತ್ತಾನೆ. ಟಪಟಪ.
ರಜೆಯ ರಾತ್ರಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದೆ.
ಬೆರಳ ತುದಿ ಗಾಜಿನವರೆಗೂ ಹೋಯಿತು,
ಒಂದೇ ಒಂದು ಸಲ ತಟ್ಟಿದ್ದರೆ ಸಾಕಿತ್ತು.
ತಟ್ಟಲಿಲ್ಲ.
ಏಳು ವರ್ಷ ತಪ್ಪು ಹೆಸರಿನಿಂದ ಕರೆದದ್ದೇ ಬೇಕಾದಷ್ಟಾಯಿತು.
ನೀರಿನ ಮುಚ್ಚಳ ತುಂಬಿಸಿ
ದೀಪ ಆರಿಸಿದೆ.